ನಲ್ಲಿ ನೀರು ಮತ್ತು ಪೇಟೆಂಟು

ಸಂಪಾದಕರು ಮೂರು ಸಲ ಫೋನ್ ಮಾಡಿದರು. "ನೀವು ರಿಟೈರ್ ಆಗಿದ್ದೀರಿ, ಟೈಮಿಲ್ಲ ಅನ್ನೋ ಹಾಗಿಲ್ಲ" ಎಂದು ಇದ್ದ ಒಂದು ದಾರಿಯನ್ನೂ ಮುಚ್ಚಿದರು. ಪ್ರವಾಸ ಕಥನ ಬರೆಯುವಷ್ಟು ನಾನು ಊರು ಸುತ್ತಿಲ್ಲ. ಹಾಸ್ಯ ಬರೆಯುವವರು ನಮ್ಮ ಸಂಘದಲ್ಲಿ ಆಗಲೇ ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಗೊತ್ತಿರುವುದು ಒಂದೇ, ತುಕ್ಕು. ಕಬ್ಬಿಣಕ್ಕೆ ಯಾಕೆ ತುಕ್ಕು ಹಿಡಿಯುತ್ತದೆ, ಹಿಡಿಯದಂತೆ ಏನು ಮಾಡಬೇಕು ಎಂದು ನೋಡುತ್ತಾ ಮೂವತ್ತು ವರ್ಷ ಕಳೆದವನು ನಾನು. ತುಕ್ಕಿನ ಬಗ್ಗೆ ಬರೆದರೆ ಓದುವವರು ಯಾರು ಎಂದು ಸುಮ್ಮನಿದ್ದೆ.

ಆದರೆ ಈ ಸಲದ ಯುಗಾದಿ ಊಟದ ದಿನ ಒಂದು ಪ್ರಸಂಗ ನಡೆಯಿತು. ಬಿಸಿಬೇಳೆ ಭಾತಿನ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸದಸ್ಯರೊಬ್ಬರ ಮಗಳು ಹತ್ತಿರ ಬಂದಳು. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ನನ್ನ ಹತ್ತಿರವೇ ಅಕ್ಷರ ತಿದ್ದಿದ ಹುಡುಗಿ, ಈಗ ಪಿಎಚ್.ಡಿ. ಮೊದಲ ವರ್ಷ. ತಟ್ಟೆ ಹಿಡಿದುಕೊಂಡೇ ಕೇಳಿದಳು: "ಅಂಕಲ್, ಯೂನಿವರ್ಸಿಟಿಯವರು ಒಂದು ಪೇಪರ್‌ಗೆ ಸೈನ್ ಹಾಕು ಅಂತಿದ್ದಾರೆ. ನಾನು ಲ್ಯಾಬ್‌ನಲ್ಲಿ ಏನು ಕಂಡುಹಿಡಿದರೂ ಅದು ಅವರದ್ದಂತೆ. ಹಾಕಲಾ?"

"ಹಾಕದಿದ್ದರೆ ಅವರು ಸಂಬಳ ಕೊಡಲ್ಲ, ಹಾಕಮ್ಮ. ಆದರೆ ಓದಿ ಹಾಕು" ಎಂದೆ.

ಪಕ್ಕದಲ್ಲಿದ್ದ ಅವಳ ಅಪ್ಪ ನಕ್ಕರು. "ನಾವೆಲ್ಲ ಓದಿ ಹಾಕಿದ್ವಾ ಸಾರ್?"

ಅವರು ಹೇಳಿದ್ದು ನಿಜ. ನಾನು ಇಲ್ಲಿಗೆ ಬಂದದ್ದು 1984ರ ಆಗಸ್ಟಿನಲ್ಲಿ, ಮಿಡ್‌ವೆಸ್ಟಿನ ಒಂದು ಸರ್ಕಾರಿ ಯೂನಿವರ್ಸಿಟಿಗೆ. ಬಂದ ಎರಡನೆಯ ದಿನ ಆಫೀಸಿನಾಕೆ ಒಂದು ಕಟ್ಟು ಕಾಗದ ಮುಂದಿಟ್ಟರು. ಆರೋಗ್ಯ ವಿಮೆ, ತೆರಿಗೆ, ಹಾಸ್ಟೆಲು, ಜೊತೆಗೆ ಇದೂ ಒಂದು. ನಿದ್ದೆಗಣ್ಣಿನಲ್ಲಿ ಎಲ್ಲಕ್ಕೂ ರುಜು ಹಾಕಿ, ಪೆನ್ನನ್ನು ಮಾತ್ರ ಜೋಪಾನವಾಗಿ ಜೇಬಿಗೆ ಹಾಕಿಕೊಂಡು ಬಂದೆ.

ಆ ಒಂದು ಹಾಳೆಯ ಒಂದೆರಡು ಶಬ್ದಗಳಿಗಾಗಿ ಈ ದೇಶದ ಸುಪ್ರೀಂ ಕೋರ್ಟಿನವರೆಗೆ ಜಗಳ ಹೋಗಿದೆ. ನಮ್ಮವರಿಗೆ ಬೇಗ ಅರ್ಥವಾಗುವಂತೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಸೈಟು ತೆಗೆದುಕೊಂಡವರಿಗೆಲ್ಲ ಕ್ರಯದ ಕರಾರಿಗೂ ಕ್ರಯಪತ್ರಕ್ಕೂ ಇರುವ ವ್ಯತ್ಯಾಸ ಗೊತ್ತು. ಮೊದಲನೆಯದು "ಮುಂದೆ ಕೊಡುತ್ತೇನೆ" ಎಂಬ ಮಾತು. ಎರಡನೆಯದು "ಇದೋ ಕೊಟ್ಟೆ" ಎಂಬ ಕೊಡುಗೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಬ್ಬ ಸಂಶೋಧಕರು ತಮ್ಮ ಯೂನಿವರ್ಸಿಟಿಗೆ ಬರೆದುಕೊಟ್ಟದ್ದು ಮೊದಲ ತರಹದ್ದು. ಆಮೇಲೆ ಕೆಲಸ ಕಲಿಯಲೆಂದು ಸೀಟಸ್ ಎಂಬ ಕಂಪನಿಗೆ ಹೋದಾಗ ಅಲ್ಲಿ ರುಜು ಹಾಕಿದ ಕಾಗದ ಎರಡನೆಯ ತರಹದ್ದು. ಎಚ್‌ಐವಿ ಔಷಧ ಎಷ್ಟು ಕೆಲಸ ಮಾಡುತ್ತಿದೆ ಎಂದು ರಕ್ತದಲ್ಲಿ ಅಳೆಯುವ ವಿಧಾನ ಅದು, ಸಣ್ಣ ಸ್ವತ್ತೇನಲ್ಲ. ಮುಂದೆ ಆ ಕಂಪನಿಯ ಹಕ್ಕು ರೋಷ್ ಕಂಪನಿಗೆ ಬಂತು. ಸರ್ಕಾರದ ದುಡ್ಡಿನಲ್ಲಿ ನಡೆದ ಸಂಶೋಧನೆ ತಾನಾಗಿಯೇ ತನ್ನದು ಎಂದು ಸ್ಟ್ಯಾನ್‌ಫರ್ಡ್ ವಾದಿಸಿತು. 2011ರ ಜೂನ್‌ನಲ್ಲಿ ಕೋರ್ಟು ಏಳಕ್ಕೆ ಎರಡು ಮತದಿಂದ ಅದನ್ನು ಒಪ್ಪಲಿಲ್ಲ. ಕಂಡುಹಿಡಿದದ್ದು ಮೊದಲು ಕಂಡುಹಿಡಿದವನದು, ಅವನು ಬರೆದುಕೊಟ್ಟ ಮೇಲೆಯೇ ಬೇರೆಯವರದು ಎಂದಿತು. ಅಂದಿನಿಂದ ಯೂನಿವರ್ಸಿಟಿಗಳು "ಇದೋ ಕೊಟ್ಟೆ" ಎಂದೇ ಬರೆಸಿಕೊಳ್ಳುವುದು ವಾಡಿಕೆಯಾಗಿದೆ. ನಮ್ಮ ಹುಡುಗಿಯ ಕಾಗದದಲ್ಲೂ ಹಾಗೇ ಇತ್ತು. ಆಮೇಲೆ ಫೋನಿನಲ್ಲಿ ತೆಗೆದು ತೋರಿಸಿದಳು.

ಸರ್ಕಾರದ ದುಡ್ಡು, ಯೂನಿವರ್ಸಿಟಿಯ ಹಕ್ಕು. ಈ ಏರ್ಪಾಡು ಮೊದಲಿನಿಂದ ಇದ್ದದ್ದಲ್ಲ. ಎರಡನೆಯ ಮಹಾಯುದ್ಧದ ಕೊನೆಗೆ, 1945ರಲ್ಲಿ, ವ್ಯಾನೆವರ್ ಬುಷ್ ಎಂಬ ಇಂಜಿನಿಯರು ಅಧ್ಯಕ್ಷರಿಗೆ ಒಂದು ವರದಿ ಕೊಟ್ಟರು. ವಿಜ್ಞಾನಕ್ಕೆ ಶಾಂತಿಕಾಲದಲ್ಲೂ ಸರ್ಕಾರವೇ ದುಡ್ಡು ಹಾಕಬೇಕು ಎಂಬುದು ಅದರ ಸಾರ. 1950ರಲ್ಲಿ ನ್ಯಾಷನಲ್ ಸೈನ್ಸ್ ಫೌಂಡೇಶನ್ ಬಂತು. ದುಡ್ಡು ಹರಿಯಿತು, ಸಂಶೋಧನೆ ಬೆಳೆಯಿತು. ಆದರೆ ಹುಟ್ಟಿದ ಪೇಟೆಂಟುಗಳಲ್ಲಿ ಬಹುಪಾಲು ಸರ್ಕಾರದ ಕಪಾಟಿಗೆ ಹೋದವು. 1970ರ ದಶಕದ ಕೊನೆಗೆ ಅಂಥವು ಸುಮಾರು 28,000 ಇದ್ದವು. ಅವುಗಳಲ್ಲಿ ಯಾವುದಾದರೂ ಕಂಪನಿ ತೆಗೆದುಕೊಂಡು ಉಪಯೋಗಿಸಿದ್ದು ನೂರಕ್ಕೆ ಐದೂ ಇಲ್ಲ. ಬಾವಿ ತೋಡಿ, ನೀರು ಬಂದ ಮೇಲೆ ಚಪ್ಪಡಿ ಎಳೆದ ಹಾಗೆ.

ಆ ಚಪ್ಪಡಿ ಸರಿಸಿದ್ದು ಬೇ-ಡೋಲ್ ಕಾನೂನು. ಇಂಡಿಯಾನಾದ ಬರ್ಚ್ ಬೇ ಡೆಮಾಕ್ರಾಟ್, ಕ್ಯಾನ್ಸಸ್‌ನ ಬಾಬ್ ಡೋಲ್ ರಿಪಬ್ಲಿಕನ್. ಇಬ್ಬರೂ ಸೇರಿ ತಂದ ಮಸೂದೆಗೆ 1980ರ ಡಿಸೆಂಬರ್ 12ರಂದು ಅಧ್ಯಕ್ಷ ಕಾರ್ಟರ್ ಸಹಿ ಹಾಕಿದರು. (ಎರಡು ಪಕ್ಷದವರು ಸೇರಿ ಒಂದು ಕೆಲಸ ಮಾಡಿದ ಕಾಲವೂ ಒಂದಿತ್ತು ಎಂದು ಮೊಮ್ಮಕ್ಕಳಿಗೆ ಹೇಳಬೇಕು.) ಸರ್ಕಾರದ ಗ್ರ್ಯಾಂಟಿನಲ್ಲಿ ಹುಟ್ಟಿದ್ದನ್ನು ಯೂನಿವರ್ಸಿಟಿ ಅಥವಾ ಸಣ್ಣ ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳಬಹುದು, ಲೈಸೆನ್ಸ್ ಕೊಡುವಾಗ ಸಣ್ಣ ಕಂಪನಿಗಳಿಗೆ ಮೊದಲ ಮಣೆ, ಬಂದ ರಾಯಲ್ಟಿಯಲ್ಲಿ ಕಂಡುಹಿಡಿದವರಿಗೆ ಪಾಲು ಕೊಡಲೇಬೇಕು. ಯಾರೂ ಉಪಯೋಗಿಸದೆ ಕೊಳೆಹಾಕಿದರೆ ಸರ್ಕಾರ ಮಧ್ಯೆ ಬಂದು ಬೇರೆಯವರಿಗೆ ಕೊಡಿಸಬಹುದು ಎಂದೂ ಇದೆ. ಔಷಧದ ಬೆಲೆ ಏರಿದಾಗಲೆಲ್ಲ ಜನ ಆ ಕಲಮನ್ನು ತೋರಿಸಿ ಅರ್ಜಿ ಹಾಕಿದ್ದಾರೆ, ಸರ್ಕಾರ ಒಂದು ಸಲವೂ ಅದನ್ನು ಚಲಾಯಿಸಿಲ್ಲ.

ಇದರಿಂದ ಯೂನಿವರ್ಸಿಟಿಗಳೆಲ್ಲ ಕುಬೇರರಾದವು ಎಂದುಕೊಳ್ಳಬೇಡಿ. ಎಲ್ಲರೂ ಉದಾಹರಣೆ ಕೊಡುವುದು ಕೋಹೆನ್ ಮತ್ತು ಬಾಯರ್ ಅವರ ಜೀನ್ ಜೋಡಿಸುವ ಪೇಟೆಂಟನ್ನು. ಅದನ್ನು 468 ಕಂಪನಿಗಳು ತೆಗೆದುಕೊಂಡವು, 1997ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ಸುಮಾರು 25.5 ಕೋಟಿ ಡಾಲರ್ ಬಂದಿತ್ತು. ಅದು ಲಾಟರಿ ಹೊಡೆದವನ ಕಥೆ. ಹೆಚ್ಚಿನ ಯೂನಿವರ್ಸಿಟಿಗಳ ಪೇಟೆಂಟ್ ಆಫೀಸಿಗೆ ಅದರ ಖರ್ಚಿನಷ್ಟೂ ಹುಟ್ಟುವುದಿಲ್ಲ. ನಮ್ಮದೂ ಆ ಪಂಗಡದ್ದೇ.

ಈಗ ನನ್ನ ತುಕ್ಕಿಗೆ ಬರುತ್ತೇನೆ. ಈ ಭಾಗದ ಚಳಿಗಾಲ ನಿಮಗೆ ಹೇಳಬೇಕಾಗಿಲ್ಲ. ರಸ್ತೆಗೆ ಸುರಿಯುವ ಉಪ್ಪು ಕಾರಿನ ಹೊಟ್ಟೆಯನ್ನು ತಿಂದು ಹಾಕುತ್ತದೆ. ಉಕ್ಕಿಗೆ ಬಣ್ಣ ಬಳಿಯುವ ಮುಂಚೆ ತುಕ್ಕು ತಡೆಯಲು ಆಗ ಕ್ರೋಮಿಯಂ ದ್ರಾವಣದಲ್ಲಿ ತೊಳೆಯುತ್ತಿದ್ದರು. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಆ ಜಾತಿಯ ಕ್ರೋಮಿಯಂ ಕ್ಯಾನ್ಸರ್ ತರುವಂಥದು. ಅದಿಲ್ಲದೆ ಮಾಡಬಹುದೇ ಎಂಬುದು ನಮ್ಮ ಗ್ರ್ಯಾಂಟಿನ ವಿಷಯ. ಪರೀಕ್ಷೆ ಬಹಳ ಸರಳ. ಅಂಗೈ ಅಗಲದ ಉಕ್ಕಿನ ತಗಡಿಗೆ ಫಾಸ್ಫೇಟ್ ಲೇಪ ಕೊಟ್ಟು, ತೊಳೆದು, ಬಣ್ಣ ಬಳಿದು, ಬಣ್ಣದ ಮೇಲೆ ಚೂಪಾದ ಮೊನೆಯಿಂದ ಒಂದು ಗೀರು ಎಳೆಯುವುದು. ಆಮೇಲೆ ಒಂದು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಶೇಕಡಾ 5ರ ಉಪ್ಪುನೀರನ್ನು 35 ಡಿಗ್ರಿ ಬಿಸಿಯಲ್ಲಿ ಮಂಜಿನ ಹಾಗೆ ಹಗಲೂ ರಾತ್ರಿ ಸಿಂಪಡಿಸುವುದು. ಗೀರಿನಿಂದ ತುಕ್ಕು ಎಷ್ಟು ದೂರ ಹಬ್ಬಿತು ಎಂದು ವಾರವಾರವೂ ಅಳೆಯುವುದು. ಮಂಗಳೂರಿನ ಮಳೆಗಾಲವನ್ನು ಪೆಟ್ಟಿಗೆಯಲ್ಲಿ ಹಿಡಿದಿಟ್ಟ ಹಾಗೆ.

ತಗಡು ತೊಳೆಯುವುದು, ಅಳೆಯುವುದು, ಬರೆದಿಡುವುದು ನಮ್ಮ ಲ್ಯಾಬಿನ ಟೆಕ್ನಿಷಿಯನ್ ಒಬ್ಬರ ಕೆಲಸ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಪಕ್ಕದ ಹಳ್ಳಿಯ ರೈತರ ಮನೆಯ ಹೆಣ್ಣುಮಗಳು. ಹೈಸ್ಕೂಲಿನ ಮೇಲೆ ಓದಿದವರಲ್ಲ. ನನಗೆ ಹಿಮದಲ್ಲಿ ಕಾರು ಓಡಿಸಲು ಹೇಳಿಕೊಟ್ಟವರು ಅವರೇ.

1990ರ ಜನವರಿಯ ಒಂದು ಶುಕ್ರವಾರ ಡಿಸ್ಟಿಲ್ಡ್ ನೀರು ತಯಾರಿಸುವ ಯಂತ್ರ ಕೆಟ್ಟಿತ್ತು. ರಿಪೇರಿಗೆ ಬರೆದು ಹತ್ತು ದಿನವಾಗಿತ್ತು. ಇಂಥ ರಿಪೇರಿ, ಕರೆಂಟು, ಕಟ್ಟಡದ ಬಿಸಿ, ಇವೆಲ್ಲ ಗ್ರ್ಯಾಂಟಿನ ಜೊತೆ ಬರುವ ಓವರ್‌ಹೆಡ್ ದುಡ್ಡಿನಿಂದ ನಡೆಯುವಂಥವು. 2025ರ ಫೆಬ್ರವರಿಯಲ್ಲಿ ಇಲ್ಲಿನ ಸರ್ಕಾರ ವೈದ್ಯಕೀಯ ಸಂಶೋಧನೆಯ ಗ್ರ್ಯಾಂಟುಗಳಿಗೆ ಆ ದುಡ್ಡನ್ನು ಶೇಕಡಾ 15ಕ್ಕೆ ಇಳಿಸುತ್ತೇವೆ ಎಂದದ್ದು, ಕೋರ್ಟು ಅದನ್ನು ತಡೆದದ್ದು ನೀವು ಪೇಪರಿನಲ್ಲಿ ಓದಿರಬಹುದು. "ಓವರ್‌ಹೆಡ್ ಅಂದರೆ ಡೀನ್‌ಗಳ ಕಾರ್ಪೆಟ್ಟು" ಎಂದು ನಮ್ಮಲ್ಲೇ ಒಬ್ಬರು ವಾದ ಮಾಡಿದರು. ಸ್ವಲ್ಪ ಕಾರ್ಪೆಟ್ಟೂ ಇರಬಹುದು. ಆದರೆ ನನಗೆ ಮೊದಲು ನೆನಪಾಗುವುದು ಆ ನೀರಿನ ಯಂತ್ರ.

ಅವರು ಕಾಯಲಿಲ್ಲ. ಹನ್ನೆರಡು ತಗಡನ್ನು ನಲ್ಲಿ ನೀರಿನಲ್ಲೇ ತೊಳೆದು ಪೆಟ್ಟಿಗೆಗೆ ಹಾಕಿ, ಹಾಗೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ನನಗೆ ತಿಳಿದಾಗ ರೇಗಿತು. "ಹನ್ನೆರಡೂ ದಂಡ" ಎಂದೆ. ಮೂರು ವಾರದ ಮೇಲೆ ಬಂದು "ಒಂದು ಸಲ ನೋಡು ಬಾ" ಎಂದರು. ಬೇರೆಲ್ಲ ತಗಡುಗಳಲ್ಲಿ ಗೀರಿನ ಎರಡೂ ಕಡೆ ಬಣ್ಣ ಎದ್ದು ಬಂದಿತ್ತು. ಆ ಹನ್ನೆರಡರಲ್ಲಿ ಗೀರು ಗೀರಾಗಿಯೇ ಇತ್ತು.

ನಮ್ಮೂರಿನ ನೀರು ಬಹಳ ಗಡುಸು, ಕೆಟ್ಲಿನಲ್ಲಿ ಬೆಳ್ಳಗೆ ಸುಣ್ಣ ಕಟ್ಟುತ್ತದೆ. ಆ ರಾತ್ರಿ ಕಾಫಿಗೆ ನೀರಿಡುವಾಗ ನನಗೆ ಹೊಳೆಯಿತು: ಕ್ಯಾಲ್ಸಿಯಂ. ಲೇಪದಲ್ಲಿ ಕ್ಯಾಲ್ಸಿಯಂ ಹಾಕುವುದು ಹೊಸದೇನಲ್ಲ. ಆದರೆ ಯಾವ ಲೇಪದ ಮೇಲೆ, ಎಷ್ಟು, ಯಾವ ಹಂತದಲ್ಲಿ ಎಂಬುದರಲ್ಲಿ ನಾವು ಆಮೇಲೆ ಕಂಡುಕೊಂಡದ್ದು ಹೊಸದಾಗಿತ್ತು. ಆ ವರ್ಷವೇ ಅರ್ಜಿ ಹಾಕಿದೆವು. 1993ರಲ್ಲಿ ಪೇಟೆಂಟು ಬಂತು. ಅದರಲ್ಲಿ ಎರಡು ಹೆಸರು, ನಮ್ಮ ಪ್ರೊಫೆಸರರದು ಮತ್ತು ನನ್ನದು.

ಅರ್ಜಿಗೆ ಮುಂಚೆ ವಕೀಲರು ಕೇಳಿದ್ದರು, ಈ ಕಲ್ಪನೆ ಮೊದಲು ಯಾರ ತಲೆಗೆ ಬಂತು ಎಂದು. ಈ ದೇಶದ ಕಾನೂನಿನಲ್ಲಿ ಅದೇ ಮುಖ್ಯ. ಯೋಚನೆ ಹೊಳೆದವರು ಇನ್ವೆಂಟರ್. ಹೇಳಿದಂತೆ ಮಾಡಿದವರು, ಎಷ್ಟೇ ಕಷ್ಟಪಟ್ಟಿರಲಿ, ಅಲ್ಲ. ಪೇಪರಿಗೆ ಹತ್ತು ಹೆಸರು ಸೇರಿಸಬಹುದು, ಪೇಟೆಂಟಿಗೆ ದಾಕ್ಷಿಣ್ಯದ ಹೆಸರು ಸೇರಿಸುವಂತಿಲ್ಲ. "ನನ್ನ ತಲೆಗೆ, ಕಾಫಿ ಕಾಸುವಾಗ" ಎಂದೆ. ವಕೀಲರು ನಕ್ಕು ಬರೆದುಕೊಂಡರು. ಟೆಕ್ನಿಷಿಯನ್ ಅವರಿಗೆ ಜರ್ನಲ್ ಪೇಪರಿನ ಕೊನೆಯಲ್ಲಿ ಕೃತಜ್ಞತೆ ಹೇಳಿದೆವು. ಅವರೂ ಏನೂ ಅನ್ನಲಿಲ್ಲ.

ಅನ್ನಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಊರಿಗೆ ಹೋಗಿ ಬಂದಾಗಲೆಲ್ಲ ನಾನು ಅವರಿಗೆ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ತಂದುಕೊಡುತ್ತಿದ್ದೆ. ಪೇಟೆಂಟು ಬಂದ ವರ್ಷ ಡಬ್ಬಿಯ ಮೇಲಿನ ಪ್ರಾಣಿ ಯಾವುದು ಎಂದು ಕೇಳಿದರು. ಶರಭ, ಸಿಂಹದ ಮೈ, ಆನೆಯ ತಲೆ ಎಂದೆ. ಹುಮ್ಮಸ್ಸಿನಲ್ಲಿ ಸೋಪಿನ ಕಥೆಯನ್ನೂ ಹೇಳಿದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಮರ ಎಣ್ಣೆ ತೆಗೆಯಲು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಯುದ್ಧ ಬಂದು ಅದು ನಿಂತಿತು, ಮರ ಗೋದಾಮಿನಲ್ಲಿ ಬಿತ್ತು. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ವಿಶ್ವೇಶ್ವರಯ್ಯನವರು. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನವೇ ಕೊಟ್ಟ 371 ಎಕರೆ ಜಾಗದಲ್ಲಿ ಟಾಟಾ ಇನ್‌ಸ್ಟಿಟ್ಯೂಟು 1909ರಿಂದ ಇತ್ತಲ್ಲ, ಅಲ್ಲಿನ ಪ್ರೊಫೆಸರರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ಪ್ರಯೋಗ ನಡೆಸಿದರು. ಸರ್ಕಾರ ಎಣ್ಣೆಯ ಕಾರ್ಖಾನೆ ಹಾಕಿತು. ಸೋಪು ಮಾಡುವುದನ್ನು ಕಲಿಯಲು ಎಸ್.ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿತು, 1918ರಲ್ಲಿ ಸೋಪಿನ ಕಾರ್ಖಾನೆಯೂ ಆಯಿತು. ಈಗ 'ಜ್ಞಾನಾಧಾರಿತ ಆರ್ಥಿಕತೆ' ಎಂದು ಕಮಿಟಿ ಮಾಡಿ ಹೇಳುವುದನ್ನು ಆ ಕಾಲದ ಮೈಸೂರು ಗಂಧದ ಕೊರಡಿನಲ್ಲಿ ಮಾಡಿ ತೋರಿಸಿತ್ತು. ಜಾಗ, ಪ್ರೊಫೆಸರು, ಕಲಿತು ಬರುವ ಹುಡುಗ, ಕಾರ್ಖಾನೆ, ಎಲ್ಲದರ ಹಿಂದೆಯೂ ಒಂದೇ ಸರ್ಕಾರದ ಕೈ. ಹಕ್ಕು ಯಾರದು ಎಂಬ ತಕರಾರೇ ಇರಲಿಲ್ಲ. ಬಂದ ಲಾಭವೂ ಸಂಸ್ಥಾನದ್ದೇ. ಆ ಏರ್ಪಾಡೇ ಸರಿ, ಇದು ತಪ್ಪು ಎಂದು ನಾನು ಹೇಳುತ್ತಿಲ್ಲ. ಸರ್ಕಾರದ ಕೈಯಲ್ಲಿದ್ದ 28,000 ಪೇಟೆಂಟುಗಳ ಗತಿ ಆಗಲೇ ಹೇಳಿದೆನಲ್ಲ.

"ಆ ಹುಡುಗ ಏನಾದ?" ಎಂದು ಕೇಳಿದರು.

"ಜನ ಅವರನ್ನು ಸೋಪ್ ಶಾಸ್ತ್ರಿ ಅಂತಲೇ ಕರೆದರು."

"ಪರವಾಗಿಲ್ಲ, ಅವನಿಗೆ ಹೆಸರಾದರೂ ಸಿಕ್ಕಿತು" ಎಂದು ಸೋಪನ್ನು ಮೂಸಿ ನೋಡಿ ಒಳಗಿಟ್ಟರು. ನಾನು ಆ ಮಾತನ್ನು ತಮಾಷೆ ಎಂದೇ ತೆಗೆದುಕೊಂಡೆ.

1994ರಲ್ಲಿ ಒಂದು ಸಣ್ಣ ಕಂಪನಿ ಲೈಸೆನ್ಸ್ ತೆಗೆದುಕೊಂಡು ಏಳು ವರ್ಷ ಮಾರಿತು. ನಮ್ಮ ಯೂನಿವರ್ಸಿಟಿಯ ನಿಯಮದಂತೆ ಇನ್ವೆಂಟರುಗಳ ಪಾಲನ್ನು ನಾವಿಬ್ಬರೂ ಸಮನಾಗಿ ಹಂಚಿಕೊಂಡೆವು. ಮೊದಲ ಚೆಕ್ಕು ನೋಡಿ ನನ್ನ ಹೆಂಡತಿ "ಇಷ್ಟೇನಾ?" ಎಂದಳು. ಏಳು ವರ್ಷಕ್ಕೆ ಒಟ್ಟು 11,000 ಡಾಲರ್ ಚಿಲ್ಲರೆ.

2001ರಲ್ಲಿ ಲ್ಯಾಬು ಹೊಸ ಕಟ್ಟಡಕ್ಕೆ ಹೋಯಿತು. ಅವರು ರಿಟೈರ್ ಆಗಿ ಮೂರು ವರ್ಷವಾಗಿತ್ತು. ಹಳೆಯ ನೋಟ್‌ಬುಕ್ಕುಗಳನ್ನು ಪೆಟ್ಟಿಗೆಗೆ ತುಂಬುತ್ತಾ 1990ರದು ಕೈಗೆ ಬಂತು, ಸುಮ್ಮನೆ ಆ ಪುಟ ತೆಗೆದೆ. ಅವರ ದುಂಡಗಿನ ಅಕ್ಷರ. ಡಿಸ್ಟಿಲ್ಡ್ ನೀರು ಇಲ್ಲ, ಹನ್ನೆರಡು ತಗಡು ನಲ್ಲಿ ನೀರಿನಲ್ಲಿ ತೊಳೆದೆ ಎಂದು ಮೇಲೆ. ಕೆಳಗೆ ಮೂರು ವಾರದ ಮೇಲಿನ ತಾರೀಕು, ಅಳತೆಗಳು. ಅದರ ಕೆಳಗೆ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಒಂದೇ ಶಬ್ದ, ಮುಂದೆ ಪ್ರಶ್ನೆಯ ಗುರುತು: "ಸುಣ್ಣ?"

ನಾನು ಕಾಫಿಗೆ ನೀರಿಟ್ಟದ್ದು ಆ ದಿನದ ರಾತ್ರಿ. ಆ ಪುಟವನ್ನು ಮಧ್ಯಾಹ್ನ ನಾನು ನೋಡಿದ್ದೆನೇ? ಅಳತೆಗಳನ್ನು ನೋಡಿದ್ದೆ, ಅದು ಖಂಡಿತ. ಅಂಚನ್ನು ನೋಡಿದ್ದೆನೇ ಎಂದು ಇಂದಿಗೂ ಆಣೆ ಮಾಡಿ ಹೇಳಲಾರೆ.

ಪ್ರೊಫೆಸರರಿಗೆ ತೋರಿಸಿದೆ. "ಒಂದು ಶಬ್ದ ಇನ್ವೆನ್ಷನ್ ಆಗುವುದಿಲ್ಲ" ಎಂದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿಯೇ ಇರಬಹುದು. ಹೆಸರು ಬಿಟ್ಟುಹೋಗಿದ್ದರೆ ಪೇಟೆಂಟು ಬಂದ ಮೇಲೂ ತಿದ್ದಿಸಲು ಕಾನೂನಿನಲ್ಲಿ ಅವಕಾಶವಿದೆ. ನನಗೆ ಅದು ಗೊತ್ತಿತ್ತು. ಕಂಪನಿ ಆ ವರ್ಷವೇ ಮಾರಾಟ ನಿಲ್ಲಿಸುವುದಿತ್ತು, ವಕೀಲರ ಖರ್ಚು, ಪ್ರೊಫೆಸರರ ಮುನಿಸು, ಹೀಗೆ ಒಂದೊಂದೇ ಲೆಕ್ಕ ಹಾಕಿ ನಾನು ಆ ಕೆಲಸಕ್ಕೆ ಕೈ ಹಾಕಲಿಲ್ಲ. ಅದರ ಬದಲು ಆ ಪುಟದ ಒಂದು ಫೋಟೋಕಾಪಿ ತೆಗೆದೆ. ನೋಟ್‌ಬುಕ್ಕು ಯೂನಿವರ್ಸಿಟಿಯ ಸ್ವತ್ತು, ಮನೆಗೆ ತರುವಂತಿಲ್ಲ. ನನಗೆ ಬಂದದ್ದರ ಮೂರನೇ ಒಂದು ಭಾಗಕ್ಕೆ, 3,667 ಡಾಲರಿಗೆ, ಚೆಕ್ಕು ಬರೆದೆ. ಪ್ರೊಫೆಸರರ ಪಾಲಿನದನ್ನು ನಾನು ಸೇರಿಸಲಿಲ್ಲ.

ಒಂದು ಭಾನುವಾರ ಅವರ ಹಳ್ಳಿಗೆ ಹೋದೆ. ಹೇಳಬೇಕಾದ್ದನ್ನೆಲ್ಲ ಹೇಳಿ ಎರಡನ್ನೂ ಮೇಜಿನ ಮೇಲಿಟ್ಟೆ. ಬೇಡ ಎನ್ನುತ್ತಾರೆ, ನಾನು ಒತ್ತಾಯ ಮಾಡಬೇಕು, ಕೊನೆಗೆ ಯಾವುದಾದರೂ ಚರ್ಚಿಗೆ ಕೊಡು ಎನ್ನುತ್ತಾರೆ ಎಂದು ಕಾರಿನಲ್ಲಿ ಪೂರ್ತಿ ನಾಟಕ ಯೋಚಿಸಿಕೊಂಡು ಹೋಗಿದ್ದೆ. ಅವರು ಕನ್ನಡಕ ಹಾಕಿಕೊಂಡು ಚೆಕ್ಕಿನ ಮೇಲೆ ತಮ್ಮ ಹೆಸರಿನ ಅಕ್ಷರ ಸರಿಯಾಗಿದೆಯೇ ನೋಡಿ, ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. "ಥ್ಯಾಂಕ್ಸ್. ಛಾವಣಿ ಸೋರ್ತಾ ಇತ್ತು" ಎಂದರು. ಆಮೇಲೆ ಫೋಟೋಕಾಪಿಯನ್ನು ಬಹಳ ಹೊತ್ತು ನೋಡಿದರು. ಪೆನ್ಸಿಲಿನ ಶಬ್ದ ಯಂತ್ರದಲ್ಲಿ ಸರಿಯಾಗಿ ಮೂಡಿರಲಿಲ್ಲ, ಮಸುಕಾಗಿತ್ತು. ಒಳಗಿಂದ ಪೆನ್ನು ತಂದು ಅದರ ಮೇಲೆ ತಾವೇ ಇನ್ನೊಂದು ಸಲ ತಿದ್ದಿದರು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಕಾಫಿ ಕೊಟ್ಟರು.

ಅವರು ತೀರಿಕೊಂಡದ್ದು 2012ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಪೇಟೆಂಟಿನ ಅವಧಿ ಮುಗಿಯಿತು. ಈಗ ಅದು ಯಾರ ಸ್ವತ್ತೂ ಅಲ್ಲ, ಬೇಕಾದವರು ಉಪಯೋಗಿಸಬಹುದು. ಹೆಸರು ಮಾತ್ರ ಎರಡೇ ಇವೆ.

ನಮ್ಮ ಹುಡುಗಿ ಕಾಗದ ಓದಿ ರುಜು ಹಾಕಿದಳಂತೆ. ಅವರ ಲ್ಯಾಬಿನಲ್ಲಿ ಈಗ ನೋಟ್‌ಬುಕ್ಕು ಕಂಪ್ಯೂಟರಿನಲ್ಲಿದೆ, ಯಾರು ಎಷ್ಟು ಗಂಟೆಗೆ ಏನು ಬರೆದರು ಎಂದು ಅದೇ ಗುರುತು ಇಟ್ಟುಕೊಳ್ಳುತ್ತದಂತೆ. "ಅಂಚಿನಲ್ಲಿ ಬರೆಯೋಕೆ ಜಾಗ ಇದೆಯಾ?" ಎಂದು ಕೇಳಿದೆ. "ಕಾಮೆಂಟ್ ಹಾಕಬಹುದು ಅಂಕಲ್, ಆದರೆ ಯಾರೂ ತೆಗೆದು ನೋಡಲ್ಲ" ಎಂದಳು.